ಬಾಲದ ಲೆಕ್ಕ, ಕೂದಲಿನ ಲೆಕ್ಕ

1903ರಲ್ಲಿ ಬ್ರಿಟನ್ನಿನ ಕೆಂಪು ಅಳಿಲಿಗೆ ಸಂಬಂಧಿಸಿದಂತೆ ಎರಡು ಸಂಗತಿಗಳು ನಡೆದವು. ಇಂಗ್ಲೆಂಡಿನಲ್ಲಿ ಬಿಯಾಟ್ರಿಕ್ಸ್ ಪಾಟರ್ ಬರೆದ ‘ದಿ ಟೇಲ್ ಆಫ್ ಸ್ಕ್ವಿರಲ್ ನಟ್ಕಿನ್’ ಎಂಬ ಮಕ್ಕಳ ಪುಸ್ತಕ ಹೊರಬಂತು. ಅದರ ನಾಯಕ ನಟ್ಕಿನ್ ಒಂದು ತಲೆಹರಟೆ ಕೆಂಪು ಅಳಿಲು. ಅವನ ಬಳಗದವರು ಕಡ್ಡಿಗಳಿಂದ ತೆಪ್ಪ ಕಟ್ಟಿ, ಬಾಲವನ್ನೇ ಹಾಯಿಯಂತೆ ಎತ್ತಿ ಹಿಡಿದು, ಸರೋವರದ ನಡುವಿನ ದ್ವೀಪಕ್ಕೆ ಹೋಗುತ್ತಾರೆ. ಅಲ್ಲಿನ ಮುದಿ ಗೂಬೆಯನ್ನು ಕೆಣಕಿ ಕೆಣಕಿ, ಕಡೆಗೆ ನಟ್ಕಿನ್ ಅರ್ಧ ಬಾಲ ಕಳೆದುಕೊಂಡು ಬಚಾವಾಗುತ್ತಾನೆ. ಅದೇ ವರ್ಷ ಉತ್ತರದ ಸ್ಕಾಟ್ಲೆಂಡಿನಲ್ಲಿ ಜಮೀನುದಾರರು ಸೇರಿ ‘ಹೈಲ್ಯಾಂಡ್ ಸ್ಕ್ವಿರಲ್ ಕ್ಲಬ್’ ಎಂಬ ಸಂಘ ಕಟ್ಟಿಕೊಂಡರು. ಹೆಸರು ಕೇಳಿದರೆ ಅಳಿಲು ಪ್ರಿಯರ ಕೂಟ ಅನ್ನಿಸುತ್ತದೆ. ಅದರ ಉದ್ದೇಶ ಕೆಂಪು ಅಳಿಲುಗಳನ್ನು ಕೊಲ್ಲುವುದು. ಕೊಂದವರು ಬಾಲ ಕತ್ತರಿಸಿ ತಂದು ತೋರಿಸಬೇಕು, ಬಾಲವೊಂದಕ್ಕೆ ಇಷ್ಟು ಪೆನ್ಸ್ ಎಂದು ಇನಾಮು. ಮುಂದಿನ ಮೂವತ್ತು ವರ್ಷಗಳಲ್ಲಿ ಆ ಕ್ಲಬ್ಬಿನ ಲೆಕ್ಕಕ್ಕೆ ಸೇರಿದ ಅಳಿಲುಗಳು 80,000ಕ್ಕೂ ಹೆಚ್ಚು.

ಆ ಅಳಿಲುಗಳ ತಪ್ಪೇನೆಂದರೆ, ಹೊಸದಾಗಿ ನೆಟ್ಟ ಪೈನ್ ಮರಗಳ ತೊಗಟೆಯನ್ನು ಅವು ಸುಲಿಯುತ್ತಿದ್ದವು. ತೊಗಟೆ ಹೋದ ಮರ ಸೊಟ್ಟಗೆ ಬೆಳೆಯುತ್ತದೆ, ದಿಮ್ಮಿಗೆ ಬೆಲೆ ಬರುವುದಿಲ್ಲ.

ನಾನು ಈ ಕ್ಲಬ್ಬಿನ ಬೆನ್ನು ಹತ್ತಿದ್ದು ಬಳಸು ದಾರಿಯಿಂದ. ನನ್ನ ಪಿಎಚ್‌ಡಿ ವಿಷಯ ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆಯ ಕಾಡುಪ್ರಾಣಿಗಳ ತಲೆಗೆ ಕಟ್ಟಿದ ಇನಾಮು. ಹುಲಿ, ಚಿರತೆ, ಸೀಳುನಾಯಿ ಕೊಂದು ಗುರುತು ತಂದವರಿಗೆ ಕಚೇರಿಯಲ್ಲಿ ಹಣ ಎಣಿಸಿ ಕೊಡುತ್ತಿದ್ದ ವ್ಯವಸ್ಥೆ ಅದು. ಇದರ ನಂಟು ಬ್ರಿಟನ್ನಿನ ಕಾಡಿನಲ್ಲಿ ಹೇಗಿತ್ತು ಎಂದು ಹುಡುಕುವಾಗ ಅಳಿಲು ಸಿಕ್ಕಿತು. “ಏನಮ್ಮಾ, ಹುಲಿ ಬಿಟ್ಟು ಅಳಿಲು ಹಿಡಿದೆಯಾ?” ಎಂದು ನನ್ನ ಮಾರ್ಗದರ್ಶಕರು ನಕ್ಕರು. ಅಳಿಲನ್ನು ಬಿಡಲಾಗಲಿಲ್ಲ. ಯಾಕೆಂದರೆ ಕೊಲ್ಲುವುದಕ್ಕಾಗಿ ಎಣಿಸಿದ ಅದೇ ಪ್ರಾಣಿಯನ್ನು ಅದೇ ನಾಡಿನ ಜನ ಈಗ ಉಳಿಸುವುದಕ್ಕಾಗಿ ಎಣಿಸುತ್ತಿದ್ದಾರೆ. ಇವೆರಡರ ನಡುವೆ ನೂರು ವರ್ಷಗಳಲ್ಲಿ ಏನು ನಡೆಯಿತು ಎನ್ನುವುದು ನನ್ನನ್ನು ಕಾಡಿದ ಪ್ರಶ್ನೆ.

ಯಾವ ಅಳಿಲು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ರಾಮ ಬೆನ್ನು ಸವರಿದನೆಂದು ನಾವು ನಂಬುವ ಮೂರು ಗೆರೆಯ ಹಿತ್ತಲ ಅಳಿಲು ಇದಲ್ಲ. ಪಶ್ಚಿಮ ಘಟ್ಟದ ದೊಡ್ಡ ಕೆಂದಳಿಲೂ ಅಲ್ಲ. ಇದು ಸುಮಾರು 300 ಗ್ರಾಂ ತೂಗುವ, ಚಳಿಗಾಲದಲ್ಲಿ ಕಿವಿಯ ತುದಿಗೆ ಕುಚ್ಚು ಬೆಳೆಸಿಕೊಳ್ಳುವ, ಬ್ರಿಟನ್ನಿನಿಂದ ಸೈಬೀರಿಯಾ ದಾಟಿ ಜಪಾನಿನ ಹೊಕ್ಕೈಡೊವರೆಗೆ ಹಬ್ಬಿರುವ ಪ್ರಾಣಿ. ಒಟ್ಟು ಲೋಕದ ಲೆಕ್ಕದಲ್ಲಿ ಅದು ಅಳಿವಿನ ಅಂಚಿನಲ್ಲಿಲ್ಲ. ಅಪಾಯ ಇರುವುದು ಬ್ರಿಟನ್, ಐರ್ಲೆಂಡ್ ಮತ್ತು ಇಟಲಿಯ ಕೆಲ ಭಾಗಗಳಲ್ಲಿ ಮಾತ್ರ.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವುದು ಹೀಗೆ: ಕೆಂಪು ಅಳಿಲು ಊರಿನದು, ಬೂದು ಅಳಿಲು ಅಮೆರಿಕದಿಂದ ಬಂದದ್ದು, ಬಂದದ್ದು ಇದ್ದದ್ದನ್ನು ಓಡಿಸಿತು. ಸುಳ್ಳಲ್ಲ. ಆದರೆ ದಾಖಲೆಗಳಿಗೆ ಕೈ ಹಾಕಿದ ಕೂಡಲೇ ‘ಊರಿನದು’ ಎಂಬ ಮಾತು ಕದಡಿಹೋಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಕಾಡು ಕಡಿದು ಕಡಿದು ಸ್ಕಾಟ್ಲೆಂಡಿನಲ್ಲಿ ಕೆಂಪು ಅಳಿಲು ಬಹುತೇಕ ಇಲ್ಲವಾಗಿತ್ತು. ಆಗ ಶ್ರೀಮಂತರು ಹೊರಗಿನಿಂದ ತರಿಸಿ ತಮ್ಮ ಎಸ್ಟೇಟುಗಳಲ್ಲಿ ಬಿಟ್ಟರು. 1793ರಲ್ಲಿ ಡಂಕೆಲ್ಡ್‌ಗೆ ತಂದದ್ದು ಸ್ಕ್ಯಾಂಡಿನೇವಿಯಾದ ಅಳಿಲುಗಳನ್ನು. 1844ರಲ್ಲಿ ಇನ್ವರ್ನೆಸ್ ಬಳಿಯ ಬ್ಯೂಫೋರ್ಟ್‌ನಲ್ಲಿ ಲೇಡಿ ಲೊವಾಟ್ ಬಿಡಿಸಿದರು. ಅವು ಹೊಸ ಪೈನ್ ತೋಪುಗಳಲ್ಲಿ ಹಬ್ಬಿ, ಅರುವತ್ತೇ ವರ್ಷಗಳಲ್ಲಿ ಅದೇ ಸೀಮೆಯ ಜಮೀನುದಾರರಿಗೆ ಕಂಟಕವಾದವು. ಪ್ರೀತಿಯಿಂದ ತಂದವರ ಮೊಮ್ಮಕ್ಕಳ ಕಾಲಕ್ಕೆ ಬಾಲಕ್ಕೆ ಬೆಲೆ ಕಟ್ಟಲಾಯಿತು. ಐರ್ಲೆಂಡಿನಲ್ಲಿಯೂ ಒಮ್ಮೆ ಇಲ್ಲವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ತಂದು ಬಿಟ್ಟ ಪ್ರಾಣಿಯೇ ಇದು. ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಫಾರ್ಮ್‌ಬಿಯ ಪೈನ್ ಕಾಡಿನಲ್ಲಿ ಇಂದು ಜನ ಜೀವದಂತೆ ಕಾಯುವ ಕೆಂಪು ಅಳಿಲುಗಳ ಹಿರಿಯರೂ ಯುರೋಪಿನ ಮುಖ್ಯನಾಡಿನಿಂದ ಬಂದವರೆಂದೇ ಹೇಳುತ್ತಾರೆ.

ಬೂದು ಅಳಿಲನ್ನು ತಂದ ಕೈಗಳೂ ಇಂಥವೇ. 1876ರಲ್ಲಿ ಚೆಶೈರ್‌ನ ಹೆನ್ಬರಿ ಪಾರ್ಕಿನಲ್ಲಿ ಬ್ರಾಕ್ಲ್‌ಹರ್ಸ್ಟ್ ಎಂಬ ಸಿರಿವಂತ ಉತ್ತರ ಅಮೆರಿಕದ ಬೂದು ಅಳಿಲುಗಳನ್ನು ಬಿಟ್ಟದ್ದು ದಾಖಲಾಗಿರುವ ಮೊದಲ ಪ್ರಸಂಗ. ಆಮೇಲೆ ಬೆಡ್ಫರ್ಡ್‌ನ ಡ್ಯೂಕ್ ತನ್ನ ವೊಬರ್ನ್ ಎಸ್ಟೇಟಿನಲ್ಲಿ ಸಾಕಿ, ಅಲ್ಲಿಂದ ಬೇರೆ ಬೇರೆ ಉದ್ಯಾನಗಳಿಗೂ ಗೆಳೆಯರಿಗೂ ಹಂಚಿದ. 1911ರಲ್ಲಿ ಐರ್ಲೆಂಡಿನ ಕ್ಯಾಸಲ್ ಫೋರ್ಬ್ಸ್‌ನಲ್ಲಿ ಒಂದು ಮದುವೆಗೆ ಉಡುಗೊರೆಯಾಗಿ ಬುಟ್ಟಿಯಲ್ಲಿ ಬೂದು ಅಳಿಲುಗಳು ಬಂದವು. ಬುಟ್ಟಿ ತೆರೆದರು, ಅವು ತೋಟಕ್ಕೆ ಓಡಿದವು. ಐರ್ಲೆಂಡಿನ ಬೂದು ಅಳಿಲಿನ ಚರಿತ್ರೆ ಅಲ್ಲಿಂದ ಶುರು. ದೂರದ ಗಿಡ, ಹಕ್ಕಿ, ಪ್ರಾಣಿ ತಂದು ಅಂಗಳ ಅಲಂಕರಿಸುವುದು ಆ ಕಾಲದ ಸಾಮ್ರಾಜ್ಯಶಾಹಿ ಶೋಕಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡಿನೊಳಗೆಲ್ಲ ಹೆಣೆದುಕೊಂಡಿರುವ ಲಂಟಾನವೂ ಭಾರತಕ್ಕೆ ಬಂದದ್ದು ತೋಟದ ಚೆಂದಕ್ಕೇ.

ಬೂದು ಅಳಿಲು ಕೆಂಪು ಅಳಿಲಿನ ಮೇಲೆ ಬಿದ್ದು ಕಚ್ಚಿ ಕೊಲ್ಲುತ್ತದೆ ಎಂದು ಹಳ್ಳಿಗರು ಬಹುಕಾಲ ನಂಬಿದ್ದರು. ಹಾಗಿಲ್ಲ. ಬೂದು ಅಳಿಲಿನ ತೂಕ ಕೆಂಪಿನ ಸುಮಾರು ಎರಡರಷ್ಟು. ಓಕ್ ಕಾಯಿಯ ಒಗರನ್ನು ಅದು ಕೆಂಪು ಅಳಿಲಿಗಿಂತ ಚೆನ್ನಾಗಿ ಅರಗಿಸಿಕೊಳ್ಳುತ್ತದೆ. ಹಾಗಾಗಿ ಅಗಲ ಎಲೆಯ ಕಾಡಿನಲ್ಲಿ ಅದೇ ಜಾಗದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಬದುಕುತ್ತದೆ. ಹೇಝಲ್ ಕಾಯಿ ಮಾಗುವ ಹೊತ್ತಿಗೆ ಕೆಂಪು ಅಳಿಲಿಗೆ ಏನೂ ಉಳಿದಿರುವುದಿಲ್ಲ, ಮರಿಗಳು ಬದುಕುವುದು ಕಡಿಮೆಯಾಗುತ್ತದೆ. ಇದು ನಿಧಾನದ ಸೋಲು. ಬೇಗನೆ ಮುಗಿಸುವುದು ರೋಗ. ಬೂದು ಅಳಿಲು ತನಗೇನೂ ಆಗದೆ ಹೊತ್ತು ತಿರುಗುವ ಒಂದು ಸಿಡುಬಿನ ವೈರಸ್ ಕೆಂಪು ಅಳಿಲಿಗೆ ತಗುಲಿದರೆ ಕಣ್ಣು, ಬಾಯಿ, ಪಾದಗಳ ಸುತ್ತ ಹುಣ್ಣಾಗುತ್ತದೆ. ಕಣ್ಣು ಕಾಣದು, ತಿನ್ನಲಾಗದು. ಎರಡು ವಾರದೊಳಗೆ ಸಾಯುತ್ತದೆ. ಈ ವೈರಸ್ಸಿನ ಗುರುತು ಸಿಕ್ಕಿದ್ದು 1980ರ ದಶಕದಲ್ಲಿ. ಅಂದರೆ ನೂರು ವರ್ಷ ಜನ ನೋಡಿದ್ದು ಪರಿಣಾಮವನ್ನು ಮಾತ್ರ.

ನೋಡಿದ್ದನ್ನು ಬರೆದಿಟ್ಟವರಿದ್ದರು ಎಂಬುದೇ ಇಲ್ಲಿ ಮುಖ್ಯ. ಆಕ್ಸ್‌ಫರ್ಡಿನ ಎ.ಡಿ. ಮಿಡಲ್ಟನ್ 1931ರಲ್ಲಿ ಬೂದು ಅಳಿಲಿನ ಮೇಲೆ ಪುಸ್ತಕ ತಂದ. 1937ರಲ್ಲಿ ಬೂದು ಅಳಿಲನ್ನು ತರಿಸುವುದನ್ನೂ ಸಾಕುವುದನ್ನೂ ಸರ್ಕಾರ ನಿಷೇಧಿಸಿತು. ಎರಡನೇ ಮಹಾಯುದ್ಧದ ನಡುವೆ, 1944–45ರಲ್ಲಿ, ಚಾರ್ಲ್ಸ್ ಎಲ್ಟನ್ ಕಟ್ಟಿದ ಆಕ್ಸ್‌ಫರ್ಡಿನ ಕೇಂದ್ರದಲ್ಲಿದ್ದ ಮೋನಿಕಾ ಶಾರ್ಟನ್ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪ್ರಶ್ನಾವಳಿ ಹಂಚಿ ಒಂದು ಸಮೀಕ್ಷೆ ಮಾಡಿದಳು. ನಿಮ್ಮ ಕಡೆ ಕೆಂಪು ಇದೆಯೇ, ಬೂದು ಇದೆಯೇ ಎಂಬಂಥ ಸರಳ ವಿಚಾರಣೆ. ಉತ್ತರಗಳನ್ನು ನಕ್ಷೆಯ ಮೇಲೆ ಇಟ್ಟಾಗ ಬೂದು ಹಬ್ಬುತ್ತಿರುವುದೂ ಕೆಂಪು ಹಿಂದೆ ಸರಿಯುತ್ತಿರುವುದೂ ಕಣ್ಣಿಗೆ ಕಟ್ಟಿದವು. ಪರಿಣತರಲ್ಲದವರು ತಮ್ಮೂರಿನ ಅಳಿಲಿನ ಬಗ್ಗೆ ಕೊಟ್ಟ ಮಾಹಿತಿಯಿಂದ ವಿಜ್ಞಾನ ಕಟ್ಟಬಹುದು ಎಂಬುದು ಅಲ್ಲಿ ರುಜುವಾತಾಯಿತು. ಈಗಿನ ಸ್ವಯಂಸೇವಕರ ಮೂಲಪುರುಷರನ್ನು ಹುಡುಕುವುದಾದರೆ, ಪುಸ್ತಕಗಳಲ್ಲಿ ಹೆಸರಿಲ್ಲದ ಆ ಉತ್ತರ ಕೊಟ್ಟವರ ಹತ್ತಿರ ಹೋಗಬೇಕು.

ಸರ್ಕಾರ ಮಾತ್ರ ಮತ್ತೆ ಬಾಲಕ್ಕೇ ಕೈ ಹಾಕಿತು. 1953ರಿಂದ ಬೂದು ಅಳಿಲಿನ ಬಾಲವೊಂದಕ್ಕೆ ಒಂದು ಶಿಲಿಂಗ್, 1956ರಲ್ಲಿ ಎರಡು ಶಿಲಿಂಗ್. ಹತ್ತು ಲಕ್ಷಕ್ಕೂ ಹೆಚ್ಚು ಬಾಲಗಳಿಗೆ ಹಣ ಕೊಟ್ಟ ಮೇಲೂ ಅಳಿಲು ಕಡಿಮೆಯಾಗಲಿಲ್ಲ. 1958ರಲ್ಲಿ ಯೋಜನೆ ನಿಂತಿತು. ನನ್ನ ಹುಲಿ ಕಡತಗಳಲ್ಲಿ ಕಂಡ ಅದೇ ಗುಣ ಇಲ್ಲಿಯೂ ಇದೆ. ಇನಾಮಿನ ಲೆಕ್ಕದಲ್ಲಿ ಇರುವುದು ಸತ್ತವುಗಳ ಸಂಖ್ಯೆ. ಉಳಿದವು ಎಷ್ಟು, ಎಲ್ಲಿ, ಅವುಗಳ ಜಾಗಕ್ಕೆ ಎಷ್ಟು ಬಂದವು ಎಂಬ ಕಲಂ ಆ ಪುಸ್ತಕದಲ್ಲಿ ಇರುವುದೇ ಇಲ್ಲ. ಹಣಕ್ಕೆ ಹೊಡೆಯುವವನು ಅಳಿಲು ದಂಡಿಯಾಗಿರುವ ಕಡೆಗೆ ಹೋಗುತ್ತಾನೆ. ಕೆಂಪು ಅಳಿಲು ಉಳಿಯಬೇಕಾದರೆ ಹೋಗಬೇಕಾದದ್ದು ಬೂದು ಅಳಿಲು ಒಂದೋ ಎರಡೋ ಹೊಸದಾಗಿ ಕಾಲಿಟ್ಟಿರುವ ಕಡೆಗೆ. ಅಲ್ಲಿ ದಿನವಿಡೀ ಕೂತರೂ ಎರಡು ಶಿಲಿಂಗ್ ಹುಟ್ಟುವುದಿಲ್ಲ.

ಆ ಎರಡನೆಯ ಕೆಲಸವನ್ನು ಹಣದ ಆಸೆಯಿಲ್ಲದವರು ಮಾತ್ರ ಮಾಡಬಲ್ಲರು. ಅದು ನಡೆದದ್ದು ವೇಲ್ಸಿನ ಆಂಗಲ್ಸಿ ದ್ವೀಪದಲ್ಲಿ. ಮುಖ್ಯನಾಡಿಗೂ ಈ ದ್ವೀಪಕ್ಕೂ ನಡುವೆ ಮೆನಾಯ್ ಎಂಬ ಕಿರಿದಾದ ಜಲಸಂಧಿ ಇದೆ, ಮೇಲೆ ಎರಡು ಸೇತುವೆಗಳಿವೆ. 1960ರ ದಶಕದಲ್ಲಿ ಬೂದು ಅಳಿಲು ದ್ವೀಪ ಸೇರಿತು. 1998ರ ಹೊತ್ತಿಗೆ ಕೆಂಪು ಅಳಿಲು ಉಳಿದದ್ದು ಮಿನಿದ್ ಲ್ಲುಯಿಡಿಯಾರ್ತ್ ಎಂಬ ಒಂದೇ ಕಾಡಿನಲ್ಲಿ, ಸುಮಾರು 40. ಆಗ ಮುಂದೆ ಬಂದವರಲ್ಲಿ ಮೊದಲಿಗಳು ಎಸ್ಮೆ ಕರ್ಬಿ ಎಂಬ ವೃದ್ಧೆ. ಹರೆಯದಲ್ಲಿ ನಟಿಯಾಗಿದ್ದವಳು, ಮದುವೆಯಾಗಿ ಸ್ನೋಡೋನಿಯಾದ ಬೆಟ್ಟದಲ್ಲಿ ಕುರಿ ಸಾಕಿ ಬದುಕಿದವಳು. ಆಕೆಯ ಮೊದಲ ಗಂಡ ಥಾಮಸ್ ಫರ್ಬ್ಯಾಂಕ್ ಆ ಬದುಕಿನ ಬಗ್ಗೆ ಬರೆದ ‘ಐ ಬಾಟ್ ಎ ಮೌಂಟನ್’ ಒಂದು ಕಾಲಕ್ಕೆ ಮನೆಮಾತಾಗಿದ್ದ ಪುಸ್ತಕ. ಗಂಡ ಬಿಟ್ಟು ಹೋದ ಮೇಲೂ ಆಕೆ ಬೆಟ್ಟ ಬಿಡಲಿಲ್ಲ. 1967ರಲ್ಲಿ ಸ್ನೋಡೋನಿಯಾವನ್ನು ಕಾಯಲು ಸಂಘ ಕಟ್ಟಿದಳು. ಬಾಳಿನ ಕಡೆಯ ಹೊತ್ತಿನಲ್ಲಿ ಅಳಿಲನ್ನು ಕೈಗೆತ್ತಿಕೊಂಡಳು. 1998ರಲ್ಲಿ ಕೆಲಸ ಶುರುವಾಯಿತು, 1999ರಲ್ಲಿ ಆಕೆ ತೀರಿಕೊಂಡಳು. ಕ್ರೇಗ್ ಷಟಲ್‌ವರ್ತ್ ಎಂಬ ವಿಜ್ಞಾನಿ ಮತ್ತು ದ್ವೀಪದ ಜನ ಮುಂದುವರಿಸಿದರು.

ಕೆಲಸ ಏನೆಂದರೆ, ಬೋನು ಇಟ್ಟು ಬೂದು ಅಳಿಲುಗಳನ್ನು ಹಿಡಿದು ಕೊಲ್ಲುವುದು. ಇದನ್ನು ಮೃದು ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಸಂರಕ್ಷಣೆಯ ಕರಪತ್ರಗಳಲ್ಲಿ ‘ನಿಯಂತ್ರಣ’ ಎಂಬ ಮಾತು ಬರುತ್ತದೆ. ಮಾತು ಎಷ್ಟು ನಯವಾದರೂ ಬೋನಿನ ಮುಂದೆ ಒಬ್ಬ ಮನುಷ್ಯ ಕೂರಲೇಬೇಕು. ವರ್ಷಗಟ್ಟಲೆ ಹೀಗೆ ನಡೆದು, 2013ರ ಹೊತ್ತಿಗೆ ದ್ವೀಪ ಬೂದು ಅಳಿಲಿನಿಂದ ಮುಕ್ತವಾಯಿತು. ಈ ನಡುವೆ 2004ರಿಂದ ಸಾಕಿ ಬೆಳೆಸಿದ ಕೆಂಪು ಅಳಿಲುಗಳನ್ನು ನ್ಯೂಬರೋ ಕಾಡಿನಲ್ಲಿ ಬಿಡಲಾಯಿತು. ಇಂದು ಆಂಗಲ್ಸಿಯಲ್ಲಿ ನೂರಾರು ಕೆಂಪು ಅಳಿಲುಗಳಿವೆ. ಕಡೆಯ ಬೂದು ಅಳಿಲುಗಳನ್ನು ಹುಡುಕುವುದು ಮೊದಲ ಸಾವಿರವನ್ನು ಹಿಡಿಯುವುದಕ್ಕಿಂತ ಕಷ್ಟ. ಹಿತ್ತಲಲ್ಲಿ ಹಕ್ಕಿಗೆ ಕಾಳು ಇಡುವ ಮನೆಯಾಕೆ “ಇವತ್ತು ಒಂದು ಬೂದು ಬಂದಿತ್ತು” ಎಂದು ಹೇಳಿ ಕಳಿಸದಿದ್ದರೆ ಅದು ತಿಳಿಯುವುದೇ ಇಲ್ಲ.

ಜನ ಒಪ್ಪದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಇಟಲಿ ಇದೆ. ಅಲ್ಲಿನ ಪಿಯೆಮೊಂಟ್ ಪ್ರಾಂತ್ಯದಲ್ಲಿ 1948ರಲ್ಲಿ ಬಿಟ್ಟ ಕೆಲವೇ ಬೂದು ಅಳಿಲುಗಳು ಹಬ್ಬುತ್ತಿದ್ದಾಗ, 1997ರಲ್ಲಿ ನಿರ್ಮೂಲನೆಯ ಪ್ರಯತ್ನ ಶುರುವಾಯಿತು. ಪ್ರಾಣಿದಯಾ ಗುಂಪುಗಳು ನ್ಯಾಯಾಲಯಕ್ಕೆ ಹೋದವು. ಕೆಲಸ ನಿಂತಿತು. ಮೊಕದ್ದಮೆ ಮುಗಿಯುವ ಹೊತ್ತಿಗೆ ಅಳಿಲು ಕೈಮೀರಿ ಹೋಗಿತ್ತು. ದಯೆ ತೋರಿದವರನ್ನು ನಾನು ಹೀಗಳೆಯುವುದಿಲ್ಲ. ಬೂದು ಅಳಿಲಿಗೆ ತಾನು ಅಮೆರಿಕದ್ದು ಎಂದು ಗೊತ್ತಿಲ್ಲ, ಬುಟ್ಟಿಯಲ್ಲಿ ಕೂತು ಬಂದದ್ದೂ ಅದರ ಇಚ್ಛೆಯಲ್ಲ. ಪತ್ರಿಕೆಗಳು ಅದನ್ನು ‘ಆಕ್ರಮಣಕಾರ’, ‘ಪರದೇಶಿ’ ಎಂದು ಬೈಯುವಾಗ ಆ ಬೈಗುಳ ಅಳಿಲಿನ ಮೇಲಷ್ಟೇ ಬೀಳುವುದಿಲ್ಲ ಎಂಬ ಅಳುಕು ನನಗಿದೆ. ಆದರೂ ನನ್ನ ಒಲವು ದ್ವೀಪದವರ ಕಡೆಗೇ. ಕಾರಣ ಕೆಂಪು ಅಳಿಲಿನ ಕುಲಗೋತ್ರವಲ್ಲ. ಒಂದನ್ನು ಬಿಟ್ಟು ಕೂತರೆ ಇನ್ನೊಂದು ಆ ಜಾಗದಲ್ಲಿ ಇರುವುದಿಲ್ಲ ಎಂಬುದು ನೂರೈವತ್ತು ವರ್ಷಗಳ ದಾಖಲೆಯಲ್ಲಿ ಅಷ್ಟು ಸ್ಪಷ್ಟವಾಗಿದೆ.

ಈಗ ಕೂದಲಿನ ವಿಷಯ. ಅಳಿಲು ಇದೆಯೋ ಇಲ್ಲವೋ ತಿಳಿಯಲು ಕೊಂದು ಬಾಲ ತರಬೇಕಿಲ್ಲ. ಮರಕ್ಕೆ ಒಂದು ಕೊಳವೆಯನ್ನೋ, ಕಾಳಿನ ಪೆಟ್ಟಿಗೆಯನ್ನೋ ಕಟ್ಟಿ, ಬಾಯಿಯ ಬಳಿ ಅಂಟಿನ ಪಟ್ಟಿ ಇಡುತ್ತಾರೆ. ತಿನ್ನಲು ನುಗ್ಗಿದ ಅಳಿಲಿನ ಬೆನ್ನಿನ ನಾಲ್ಕು ಕೂದಲು ಅಂಟಿಕೊಳ್ಳುತ್ತವೆ. ಬಣ್ಣ ನೋಡಿ ಹೇಳುವಂತಿಲ್ಲ, ಯಾಕೆಂದರೆ ಬೂದು ಅಳಿಲಿನ ಮೈಯಲ್ಲಿ ಕೆಂಚು ಕೂದಲೂ ಇರುತ್ತದೆ. ಕೂದಲಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕೆಂಪು ಅಳಿಲಿನ ಕೂದಲಿನುದ್ದಕ್ಕೂ ಒಂದು ಸಣ್ಣ ಕಾಲುವೆ ಕಾಣುತ್ತದೆ. ಬೂದು ಅಳಿಲಿನ ಕೂದಲು ದುಂಡಗೆ, ಕಾಲುವೆಯಿಲ್ಲ. ಇಷ್ಟನ್ನು ಕಲಿತ ಶಾಲಾ ಶಿಕ್ಷಕ, ನಿವೃತ್ತ ಗುಮಾಸ್ತ ಯಾರೇ ಆದರೂ ತಮ್ಮ ಕಾಡಿನ ಸುದ್ದಿ ಹೇಳಬಹುದು. ಉತ್ತರ ಇಂಗ್ಲೆಂಡಿನಲ್ಲಿ ಪ್ರತಿ ವಸಂತದಲ್ಲಿ ಸ್ವಯಂಸೇವಕರು ನೂರಾರು ಕಡೆ ಒಂದೇ ಕ್ರಮದಲ್ಲಿ ಹುಡುಕಾಟ ನಡೆಸುತ್ತಾರೆ. ಕೆಲವರು ಗೊತ್ತುಮಾಡಿದ ದಾರಿಯಲ್ಲಿ ನಿಧಾನವಾಗಿ ನಡೆದು ಎಣಿಸುತ್ತಾರೆ, ಕೆಲವರು ಕಾಳಿನ ಪೆಟ್ಟಿಗೆಯ ಎದುರು ಕ್ಯಾಮೆರಾ ಕಟ್ಟುತ್ತಾರೆ. ಪೆನ್ರಿತ್‌ನಂಥ ಊರುಗಳಲ್ಲಿ ಸ್ಥಳೀಯರದೇ ಅಳಿಲು ಸಂಘಗಳಿವೆ. ಸ್ಕಾಟ್ಲೆಂಡಿನಲ್ಲಿ 2009ರಿಂದ ಇಂಥದೇ ದೊಡ್ಡ ಯೋಜನೆ ನಡೆದಿದೆ. ಬ್ರಿಟನ್ನಿನ ಕೆಂಪು ಅಳಿಲುಗಳಲ್ಲಿ ಬಹುಪಾಲು ಇರುವುದೂ ಅಲ್ಲಿಯೇ, ಅಂದರೆ ಒಂದು ಕಾಲಕ್ಕೆ ಬಾಲ ಕತ್ತರಿಸಿದ ನಾಡಿನಲ್ಲೇ. ನಮ್ಮಲ್ಲಿ ‘ಅಳಿಲು ಸೇವೆ’ ಎನ್ನುತ್ತೇವಲ್ಲ, ಅದನ್ನು ಅಳಿಲಿಗೇ ಮಾಡುತ್ತಿರುವ ಜನ ಇವರು.

ಇಂಗ್ಲೆಂಡಿನ ಕೆಂಪು ಅಳಿಲುಗಳಲ್ಲಿ ಅರ್ಧದಷ್ಟು ಕೀಲ್ಡರ್ ಕಾಡಿನಲ್ಲಿವೆ ಎನ್ನುತ್ತಾರೆ. ಅದು ಹಳೆಯ ಕಾಡಲ್ಲ, ಸರ್ಕಾರ ದಿಮ್ಮಿಗಾಗಿ 1926ರಿಂದ ನೆಟ್ಟದ್ದು. ಅಲ್ಲಿ ಹೆಚ್ಚಾಗಿರುವುದು ಸಿಟ್ಕಾ ಸ್ಪ್ರೂಸ್. ಅದರ ಸಣ್ಣ ಬೀಜ ದೊಡ್ಡ ಬೂದು ಅಳಿಲಿಗೆ ಸಾಲದು, ಸಣ್ಣ ಕೆಂಪು ಅಳಿಲಿಗೆ ಸಾಕು. ಸಿಟ್ಕಾ ಸ್ಪ್ರೂಸ್ ಉತ್ತರ ಅಮೆರಿಕದ ಮರ. ಅಮೆರಿಕದ ಅಳಿಲಿನಿಂದ ಊರಿನ ಅಳಿಲನ್ನು ಕಾಯುತ್ತಿರುವುದು ಅಮೆರಿಕದ ಮರ!

ಇನ್ನೊಂದು ಪ್ರಾಣಿಯನ್ನು ಹೇಳದಿದ್ದರೆ ಈ ಚರಿತ್ರೆ ಪೂರ್ತಿಯಾಗದು. ಪೈನ್ ಮಾರ್ಟೆನ್ ಎಂಬುದು ಮುಂಗುಸಿಯಷ್ಟು ಚುರುಕಾದ, ಮರ ಹತ್ತುವ ಬೇಟೆಗಾರ ಪ್ರಾಣಿ. ಕೊಡಗಿನ ಕಾಡುಗಳಲ್ಲಿ ಅಪರೂಪಕ್ಕೆ ಕಾಣುವ ನೀಲಗಿರಿ ಮಾರ್ಟೆನ್ ಇದರ ಬಂಧು. ಜಮೀನುದಾರರ ಬೇಟೆಹಕ್ಕಿಗಳನ್ನು ತಿನ್ನುತ್ತದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಕಾವಲುಗಾರರು ಇದನ್ನು ಬ್ರಿಟನ್, ಐರ್ಲೆಂಡಿನ ಬಹುಭಾಗದಿಂದ ಅಳಿಸಿಹಾಕಿದ್ದರು. ಬೂದು ಅಳಿಲು ಬಂದಿಳಿದಾಗ ಅದನ್ನು ಹಿಡಿಯುವ ಪ್ರಾಣಿ ಕಾಡಿನಲ್ಲಿ ಇರಲಿಲ್ಲ. ಕಾನೂನಿನ ರಕ್ಷಣೆ ಸಿಕ್ಕ ಮೇಲೆ ಐರ್ಲೆಂಡಿನ ನಡುನಾಡಿನಲ್ಲಿ ಮಾರ್ಟೆನ್ ಮರಳಿತು. ಅದು ಮರಳಿದಲ್ಲೆಲ್ಲ ಬೂದು ಅಳಿಲು ಕಾಣೆಯಾಗಿ ಕೆಂಪು ಅಳಿಲು ತಾನಾಗಿಯೇ ಬಂದಿದೆ ಎಂದು ಎಮಾ ಶೀಹಿ ಮತ್ತು ಕಾಲಿನ್ ಲಾಟನ್ 2014ರಲ್ಲಿ ಪ್ರಕಟಿಸಿದರು. ಮುಂದೆ ಸ್ಕಾಟ್ಲೆಂಡಿನಲ್ಲಿಯೂ ಇಂಥದೇ ಫಲಿತಾಂಶ ಬಂತು. ಕೆಂಪು ಅಳಿಲಿಗೆ ಮಾರ್ಟೆನ್ ಸಾವಿರಾರು ವರ್ಷಗಳ ಪರಿಚಯದ ಶತ್ರು. ಬೂದು ಅಳಿಲಿಗೆ ಅದರ ವಾಸನೆ ಕಂಡರೂ ಓಡಬೇಕೆಂದು ತಿಳಿಯದು. ಇದನ್ನು ಓದಿದಾಗ ನನ್ನ ಮೇಜಿನ ಮೇಲಿದ್ದ ಸೀಳುನಾಯಿಯ ಇನಾಮಿನ ಪಟ್ಟಿಯನ್ನು ಮತ್ತೆ ತೆಗೆದು ನೋಡಿದೆ. ಬೇಡವೆಂದು ಒಂದು ಪ್ರಾಣಿಯನ್ನು ತೆಗೆದ ಜಾಗದಲ್ಲಿ ಆಮೇಲೆ ಏನೇನು ನುಗ್ಗಿತು ಎಂದು ನಮ್ಮ ಕಾಡುಗಳ ಬಗ್ಗೆಯೂ ಕೇಳಬೇಕಿದೆ. ಅದು ನನ್ನ ಪ್ರಬಂಧದ ಮುಂದಿನ ಅಧ್ಯಾಯ.

ಗೆದ್ದ ಕಡೆಯೂ ಗೆಲುವು ಭದ್ರವಲ್ಲ. ಫಾರ್ಮ್‌ಬಿಯಲ್ಲಿ 2008ರ ಸಿಡುಬಿಗೆ ಐದರಲ್ಲಿ ನಾಲ್ಕರಷ್ಟು ಕೆಂಪು ಅಳಿಲುಗಳು ಸತ್ತವು. ವರ್ಷವರ್ಷವೂ ಎಣಿಸುತ್ತ ಬಂದಿದ್ದರಿಂದ ಕುಸಿತವೂ, ನಿಧಾನವಾದ ಚೇತರಿಕೆಯೂ ಗೊತ್ತಾದವು. ಆಂಗಲ್ಸಿಯ ಸೇತುವೆಗಳನ್ನು ಮುಚ್ಚಲಾಗದು, ಅಳಿಲಿಗೆ ಈಜಲೂ ಬರುತ್ತದೆ. ಹಾಗಾಗಿ ದಡದ ಆಚೆಯ ಗ್ವಿನೆಡ್ ಸೀಮೆಯಲ್ಲೂ ಕಾವಲು ಇಡಬೇಕಾಯಿತು. ದ್ವೀಪದಿಂದ ದಾಟಿಹೋದ ಕೆಂಪು ಅಳಿಲುಗಳು ಅಲ್ಲಿ ನೆಲೆಯೂರುತ್ತಿದ್ದಾಗಲೇ, 2020ರ ಕೊನೆಯಲ್ಲಿ ಬ್ಯಾಂಗೋರ್ ಸುತ್ತಲಿನ ಕಾಡಿಗೆ ಸಿಡುಬು ಬಂತು, ಬಹುಪಾಲು ಸತ್ತವು. ಇಂಥ ಸಮಯದಲ್ಲಿ ಜನರಿಗೆ ಹೇಳುವುದು ಇಷ್ಟು: ಕಾಳಿನ ಪೆಟ್ಟಿಗೆಗಳನ್ನು ಕೆಳಗಿಳಿಸಿ, ಸೋಂಕುನಾಶಕ ಹಾಕಿ ತೊಳೆದಿಡಿ, ಸತ್ತ ಅಳಿಲು ಕಂಡರೆ ತಿಳಿಸಿ. ಒಂದೇ ಪೆಟ್ಟಿಗೆಗೆ ಎರಡೂ ಅಳಿಲು ಬಾಯಿ ಹಾಕಿದರೆ ರೋಗ ದಾಟುವುದು ಅಲ್ಲಿಯೇ.